ಮೊದಲನೆಯ ಕಾಲಂ

೭ ಅಕ್ಟೋಬರ್ ೧೯೫೭, ಸೋಮವಾರ

ದಿಲ್ಲಿಯಿಂದ ಕಾಗದ ಬಂತು. ನವೆಂಬರ್ ಇಪ್ಪತ್ತೆರಡಕ್ಕೆ ಸಮಿತಿಯ ಮೂವರು ಬರುತ್ತಾರಂತೆ. ಮುಂಬಯಿಯ ನಮ್ಮ ನಗರ ಯೋಜನಾ ವಿಭಾಗದ ಎರಡು ವರ್ಷದ ಸ್ನಾತಕೋತ್ತರ ಡಿಪ್ಲೊಮಾಕ್ಕೆ ಮಾನ್ಯತೆ ಕೊಡಬೇಕೋ ಬೇಡವೋ ಎಂದು ಒಂದೇ ದಿನದಲ್ಲಿ ನೋಡಿಕೊಂಡು, ಅಂದೇ ರೈಲು ಹತ್ತುತ್ತಾರಂತೆ. ಆರು ವರ್ಷ ನಾವು ಕಟ್ಟಿದ್ದನ್ನು ಆರು ಗಂಟೆಯಲ್ಲಿ ಅಳೆಯಲು ಇವರು ಯಾರು?

ಜೊತೆಗೆ ಹದಿನಾಲ್ಕು ಪುಟದ ಫಾರಂ. ಎಷ್ಟು ಜನ ಪಾಸಾದರು, ಈಗ ಎಲ್ಲಿದ್ದಾರೆ, ಕಲಿತ ಕೆಲಸವನ್ನೇ ಮಾಡುತ್ತಿರುವವರು ಎಷ್ಟು. ಹನ್ನೊಂದನೆಯ ಪ್ರಶ್ನೆ: ವಿದ್ಯಾರ್ಥಿಗಳ ಕೆಲಸದಿಂದ ಊರಿಗೆ ಆದ ಪರಿಣಾಮವೇನು? ಉತ್ತರಕ್ಕೆ ಬಿಟ್ಟಿರುವ ಜಾಗ ನನ್ನ ಹೆಬ್ಬೆರಳಿನಷ್ಟು. ಮನುಷ್ಯರನ್ನು ಕಾಲಂಗಳಿಗೆ ತುರುಕುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ವಿಭಾಗದಲ್ಲಿ ಉಳಿದವರೆಲ್ಲ ಎಂಜಿನಿಯರುಗಳು, ಆರ್ಕಿಟೆಕ್ಟುಗಳು. ಅರ್ಥಶಾಸ್ತ್ರದ ಎಂ.ಎ. ನಾನೊಬ್ಬಳೇ. ಅಂಕಿಸಂಖ್ಯೆ ಏನೇ ಇದ್ದರೂ ನನ್ನ ಮೇಜಿಗೆ ಬರುತ್ತದೆ. ಮುಖ್ಯಸ್ಥರು ನೀಲಕಂಠಪ್ಪನವರೇ ಫಾರಂ ತಂದಿಟ್ಟರು.

"ಪಂಕಜಾಬಾಯಿ, ಇದು ನಮ್ಮ ಹುಡುಗರ ಅನ್ನದ ಪ್ರಶ್ನೆ ಅದ. ಮಾನ್ಯತಾ ಇಲ್ಲಂದ್ರ ಸರಕಾರಿ ನೌಕರಿಗೆ ಅರ್ಜಿ ಹಾಕ್ಲಿಕ್ಕೂ ಬರೂದಿಲ್ಲ. ನಿಮ್ಮ ಕವಿತಾ ಗಿವಿತಾ ಒಂದ್ ತಿಂಗಳ ಕಟ್ಟಿಡ್ರಿ."

ಕಟ್ಟಿಡಲಿಲ್ಲ. ಮಾಟುಂಗಾದ ಮನೆಗೆ ಬಂದು ಕಾಫಿ ಕುಡಿದು, ಗ್ಯಾಲರಿಯಲ್ಲಿ ಕೂತು ದಿನದಂತೆ ಒಂದು ಪದ್ಯ ಓದಿ, ಪುಟಕ್ಕೆ ಗುರುತಾಗಿ ಆ ದಿನದ ಲೋಕಲ್ ರೈಲಿನ ಟಿಕೆಟ್ ಸಿಕ್ಕಿಸಿ ಎದ್ದೆ. ದಿಲ್ಲಿಗೂ ಇದಕ್ಕೂ ಏನು ಸಂಬಂಧ?

೧೨ ಅಕ್ಟೋಬರ್, ಶನಿವಾರ

ಇದುವರೆಗೆ ಪಾಸಾದವರು ಮೂವತ್ತೊಂದು ಜನ. ಎಲ್ಲರಿಗೂ ಕಾರ್ಡು ಬರೆದಿದ್ದೆ, ಉತ್ತರಗಳು ಬರುತ್ತಿವೆ. ಒಬ್ಬ ಬೆಳಗಾವಿಯಲ್ಲಿ ಅಪ್ಪನ ತಂಬಾಕಿನ ವ್ಯಾಪಾರಕ್ಕೆ ಕೂತಿದ್ದಾನೆ. "ಅಂಗಡಿಯಲ್ಲಿ ಗಿರಾಕಿಗಳು ಓಡಾಡುವ ದಾರಿಯನ್ನು ತಮ್ಮ ಪಾಠದಂತೆ ಬದಲಿಸಿದ್ದೇನೆ" ಎಂದು ಬರೆದಿದ್ದಾನೆ. ಇದನ್ನು ಯಾವ ಕಾಲಂಗೆ ಹಾಕಲಿ?

ಹನ್ನೊಂದನೆಯ ಪ್ರಶ್ನೆಗೆ ಮಾತ್ರ ನಮ್ಮ ಹತ್ತಿರ ಗಟ್ಟಿ ಉತ್ತರವಿದೆ. ಬಿಜಾಪುರದ ಶಿವಪುತ್ರಪ್ಪ ೧೯೫೩ರಲ್ಲಿ ಮಾಡಿದ ವಡಾಲದ ನಕಾಶೆ. ಅವನಿಗೆ ಮೊದಲ ದರ್ಜೆ ಬಂತು, ಪುಣೆಯ ಸರಕಾರಿ ಯೋಜನಾ ಕಚೇರಿಯಲ್ಲಿ ಕೆಲಸವಾಯಿತು, ಈಗ ಆ ನಕಾಶೆಯನ್ನೇ ಆಧಾರವಾಗಿಟ್ಟು ಅವರ ಕಚೇರಿ ವಡಾಲದಲ್ಲಿ ಎಂಬತ್ತು ಅಡಿ ರಸ್ತೆಯ ಕರಡು ಯೋಜನೆ ಪ್ರಕಟಿಸಿದೆ. ಇಂದು ಕಪಾಟಿನಿಂದ ತೆಗೆಸಿದೆವು. ಎಷ್ಟು ಚೆಂದದ ಕೈ! ವಾಸದ ಮನೆಗಳಿಗೆ ಹಳದಿ, ಕಾರ್ಖಾನೆಗೆ ನೇರಳೆ, ಉಪ್ಪಿನ ಗದ್ದೆಗೆ ತೆಳು ನೀಲಿ. ಖಾಲಿ ಜಾಗವನ್ನು ಬಣ್ಣವಿಲ್ಲದೆ ಬಿಡುವುದು ನಮ್ಮ ಪದ್ಧತಿ. ರಸ್ತೆ ಆ ಬಿಳಿಯ ನಡುವೆ ನೇರವಾಗಿ ಹೋಗುತ್ತದೆ.

ನೀಲಕಂಠಪ್ಪನವರು ಮಗುವಿನ ಕೆನ್ನೆ ಸವರಿದಂತೆ ಅಂಚು ಸವರಿದರು. "ಇದನ್ನ ಬಾಗಲಾ ಎದುರಿಗೆ ಹಚ್ಚೋಣ. ಕೆಳಗ ನಾಕ್ ಸಾಲು ನೀವು ಬರೀರಿ." ಮನೆಯಿಂದ ವಡಾಲ ನಡೆದು ಹೋಗುವಷ್ಟು ಹತ್ತಿರ. ಬರೆಯುವ ಮೊದಲು ನಾಳೆ ಒಮ್ಮೆ ನೋಡಿ ಬರುತ್ತೇನೆ.

೧೩ ಅಕ್ಟೋಬರ್, ಭಾನುವಾರ

ಬಿಳಿ ಇರಬೇಕಾದ ಕಡೆ ಮನೆಗಳಿವೆ.

ಹೊಸದಾಗಿ ಬಂದವರಿರಬೇಕು ಎಂದುಕೊಂಡೆ. ತಗಡು, ಹಡಗಿನ ಪೆಟ್ಟಿಗೆಯ ಹಲಗೆ, ಅಲ್ಲಲ್ಲಿ ಇಟ್ಟಿಗೆ. ಒಂದು ಬಾಗಿಲಲ್ಲಿ ಹೆಂಗಸೊಬ್ಬಳು ರೊಟ್ಟಿ ಬಡಿಯುತ್ತ ಆಡನ್ನು ಬೈಯುತ್ತಿದ್ದಳು, ಕನ್ನಡದಲ್ಲಿ. ನಿಂತು ಮಾತಾಡಿಸಿದೆ.

"ಅಯ್ಯ, ನಮ್ಮ ಮಂದಿ! ಮೈಸೂರ ಕಡೀಯವರೇನ್ರಿ ಅಕ್ಕಾರ? ಮಾತು ಭಾಳ ತೊಳದಂಗ ಐತಿ."

ದಾನವ್ವ ಎಂದು ಹೆಸರು. ಗಂಡ ಬಂದರಿನಲ್ಲಿ ಹಮಾಲ. ಬಂದು ಎಷ್ಟು ವರ್ಷವಾಯಿತು ಎಂದು ಕೇಳಿದೆ.

"ಸ್ವಾತಂತ್ರ್ಯದ ಬಾವುಟಾ ಏರಸೂಕಿಂತ ಒಂದ್ ವರ್ಷ ಮೊದ್ಲ ಬಂದೇವ್ರಿ. ಈ ಬೇವಿನ ಗಿಡಾ ನಾನs ಹಚ್ಚಿದ್ದು. ನೋಡ್ರಿ, ಹ್ಯಾಂಗ ನೆಳ್ಳ ಮಾಡೇತಿ."

ಹಾಗಾದರೆ ೧೯೫೩ರಲ್ಲಿ ಟೇಪು ಹಿಡಿದ ಹುಡುಗರು ಬಂದಿದ್ದರೇ?

"ಬಂದಿದ್ರಲ್ಲ. ಒಬ್ಬಾಂವ ಚಸ್ಮಾದಾಂವ, ನಮ್ಮ ಕಡೀಯವನ. ಮನೀ ನಂಬರ ಎಷ್ಟವ್ವಾ ಅಂದ. ನಮಗ್ಯಾರ ನಂಬರ ಕೊಡ್ತಾರ ತಮ್ಮಾ ಅಂದೆ. ಹಂಗಾರ ಬರಿಯಾಕ ಬರೂದಿಲ್ಲ ಅಂದ. ನಾ ಇಲ್ಲೇ ನಿಂತೀನಲ್ಲೋ ಅಂದೆ. ಪಾಪ, ನಕ್ಕೋತ ಹ್ವಾದ."

ನನಗೆ ನಗು ಬರಲಿಲ್ಲ. ಆ ಹುಡುಗರ ಕೈಲಿದ್ದ ಸಮೀಕ್ಷೆಯ ಫಾರಂ ತಯಾರಿಸಿದವಳು ನಾನು. ಮೊದಲನೆಯ ಕಾಲಂ: ಮನೆ ನಂಬರು. ನಂಬರಿಲ್ಲದಿದ್ದರೆ ಫಾರಂ ಇಲ್ಲ. ಫಾರಂ ಇಲ್ಲದಿದ್ದರೆ ಬಣ್ಣವಿಲ್ಲ. ಬಣ್ಣವಿಲ್ಲದ್ದು ಖಾಲಿ ಜಾಗ.

ಅವಳಿಗೆ ಹೇಳಬೇಕಿತ್ತು, ಹೇಳಲಿಲ್ಲ. ಎರಡು ರೊಟ್ಟಿ ಕಾಗದದಲ್ಲಿ ಸುತ್ತಿ ಕೊಟ್ಟಳು. ಮನೆಗೆ ತಂದೆ.

೧೪ ಅಕ್ಟೋಬರ್, ಸೋಮವಾರ

ಹಳೆಯ ಸಮೀಕ್ಷೆಯ ಕಾಗದಗಳ ಕಟ್ಟು ಬಿಚ್ಚಿದೆ. ನನ್ನದೇ ಅಕ್ಷರ: "ಮನೆ ನಂಬರು ಇಲ್ಲದ ಫಾರಂಗಳನ್ನು ತಿರಸ್ಕರಿಸಬೇಕು." ಕೆಳಗೆ ಎರಡು ಗೆರೆ ಬೇರೆ.

ಕಾರಣವೂ ನೆನಪಾಯಿತು. ೧೯೫೨ರಲ್ಲಿ ಇಬ್ಬರು ವಿದ್ಯಾರ್ಥಿ ಮಹಾನುಭಾವರು ಬಾಂದ್ರಾದ ಇರಾನಿ ಹೋಟೆಲಿನಲ್ಲಿ ಕೂತು, ಚಹಾ ಕುಡಿಯುತ್ತ, ನಲವತ್ತು ಮನೆಗಳ ಫಾರಂ ತುಂಬಿ ತಂದಿದ್ದರು. ಒಂದು ಮನೆಯಲ್ಲಿ ಗಂಡನಿಗೆ ಇಪ್ಪತ್ತು ವರ್ಷ, ಮಗನಿಗೆ ಹದಿನೆಂಟು! ಅಂದಿನಿಂದ ನಂಬರು ಕಡ್ಡಾಯ ಮಾಡಿದೆ. ಇಲ್ಲದ ಮನೆಗಳನ್ನು ಇವೆ ಎನ್ನುವುದನ್ನು ತಡೆಯಲು ಹೋಗಿ, ಇರುವ ಮನೆಗಳನ್ನು ಇಲ್ಲ ಎನಿಸಿದೆ. ಕಳ್ಳರಿಗಾಗಿ ಹಾಕಿದ ಬೀಗ. ಒಳಗಿದ್ದವರು ಸಿಕ್ಕಿಬಿದ್ದರು.

ಶಿವಪುತ್ರಪ್ಪ ನಾನು ಹೇಳಿದಂತೆ ಮಾಡಿದ. ಅದಕ್ಕೇ ಮೊದಲ ದರ್ಜೆ ಕೊಟ್ಟೆ. ಇಂದು ಅವನಿಗೆ ಎಲ್ಲ ವಿವರ ಬರೆದು ಪುಣೆಗೆ ಕಾಗದ ಹಾಕಿದೆ.

೧೮ ಅಕ್ಟೋಬರ್, ಶುಕ್ರವಾರ

ನೀಲಕಂಠಪ್ಪನವರಿಗೆ ಹೇಳಿದೆ. ಅವರು ಬಾಗಿಲು ಹಾಕಿದರು.

"ಸಮಿತಿ ಬಂದು ಹೋಗ್ಲಿ. ಆಮ್ಯಾಲೆ ತಿದ್ದೋಣಂತ."

"ಕರಡು ಯೋಜನೆಗೆ ತಕರಾರು ಕೊಡಲು ನವೆಂಬರ್ ಮೂವತ್ತು ಕೊನೆ ಸರ್. ಆಮೇಲೆ ಅಂದರೆ ರಸ್ತೆ ಬಂದಿರುತ್ತೆ."

"ಅದು ಪುಣೆಯವರ ಕೆಲಸ. ನಮ್ಮದು ವಿದ್ಯಾರ್ಥಿಯ ಅಭ್ಯಾಸ."

"ಹಾಗಾದರೆ ಹನ್ನೊಂದನೆಯ ಪ್ರಶ್ನೆಗೆ ಅದನ್ನು ಬರೆಯೋದು ಬೇಡ. ಒಳ್ಳೆಯದಾದರೆ ನಮ್ಮ ಪರಿಣಾಮ, ಕೆಟ್ಟದ್ದಾದರೆ ವಿದ್ಯಾರ್ಥಿಯ ಅಭ್ಯಾಸ. ಇದು ಹೇಗೆ ಸರ್?"

ಅವರ ಮುಖ ಕೆಂಪಾಯಿತು. ಆಮೇಲೆ ಮೆತ್ತಗೆ, "ನಾ ಈ ವಿಭಾಗ ಎರಡು ಬಾಂಕಿನ ಮ್ಯಾಲೆ ಹುಡುಗರನ್ನ ಕುಂದ್ರಿಸಿ ಸುರು ಮಾಡೀನಿ ಬಾಯಿ. ನನ್ನ ಕೈಯಾಗs ಸಾಯೂದು ಬ್ಯಾಡ" ಎಂದರು.

ಅವರು ಕೆಟ್ಟವರಲ್ಲ. ಅದೇ ಕಷ್ಟ. ಸರಿ ಎಂದು ಎದ್ದು ಬಂದೆ. ಯಾಕೆ ಸರಿ ಎಂದೆ?

೨೩ ಅಕ್ಟೋಬರ್, ಬುಧವಾರ. ದೀಪಾವಳಿ

ಎಣ್ಣೆ ನೀರು ಆದ ಮೇಲೆ ಊಟದ ಮೇಜಿನಲ್ಲೇ ಹೊಸ ಫಾರಂ ಬರೆದೆ. ಮೊದಲನೆಯ ಕಾಲಂ: ಹೆಸರು. ಎರಡನೆಯದು: ಎಂದಿನಿಂದ ಇದ್ದೀರಿ. ನಂಬರು ಕೊನೆಗೆ, ಇದ್ದರೆ.

ನಮ್ಮ ಯಜಮಾನರು ಸತ್ಯಮೂರ್ತಿ ವಿಮೆ ಕಚೇರಿಯ ಮನುಷ್ಯ. ಫಾರಂ ಕಂಡರೆ ಕನ್ನಡಕ ತಾನಾಗಿ ಮೂಗಿಗೆ ಏರುತ್ತದೆ. "ಇದೇನೇ, ನಂಬರಿಲ್ಲದ ಫಾರಮ್ಮು! ನಮ್ಮಲ್ಲಿ ಪಾಲಿಸಿ ನಂಬರ್ ಇಲ್ಲದೆ ಸತ್ತರೆ ಸತ್ತ ಹಾಗೇ ಅಲ್ಲ."

"ಅದನ್ನೇ ನಾನೂ ಮಾಡಿದ್ದು, ನಾಲ್ಕು ವರ್ಷದ ಹಿಂದೆ."

ಸತ್ಯಮೂರ್ತಿಗಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕೆಲಸಕ್ಕೆ ಸಂಚಕಾರ ಬರುತ್ತೇನೇ?"

"ಬರಬಹುದು."

"ಹಾಗಾದ್ರೆ ಇನ್ನೊಂದು ಹೋಳಿಗೆ ಈಗಲೇ ಹಾಕು."

೩೦ ಅಕ್ಟೋಬರ್, ಬುಧವಾರ

ಎರಡನೆಯ ವರ್ಷದ ಹನ್ನೊಂದು ವಿದ್ಯಾರ್ಥಿಗಳಿಗೆ ವಿಷಯ ಹೇಳಿದೆ. ಭಾನುವಾರ ವಡಾಲಕ್ಕೆ ಹೋಗುತ್ತೇನೆ, ಬರುವವರು ಬರಬಹುದು, ಬರದಿದ್ದರೆ ಬೇಸರವಿಲ್ಲ ಎಂದೆ. ಯಾರೂ ತಲೆ ಎತ್ತಲಿಲ್ಲ. ವಸಂತಿ ಮಾತ್ರ ಹಿಂದೆಯೇ ಬಂದಳು. ಜೋಗೇಶ್ವರಿಯಲ್ಲಿ ಅವಳ ಅಪ್ಪನದು ಲೇಥು ಇಟ್ಟ ಸಣ್ಣ ವರ್ಕ್‌ಶಾಪು. ವಿಭಾಗದ ಮೊದಲ ಹೆಣ್ಣು ವಿದ್ಯಾರ್ಥಿ. ಸರಕಾರದ ಸಹಾಯಕ ಯೋಜಕಿಯ ಹುದ್ದೆಗೆ ಜನವರಿಯಲ್ಲಿ ಅರ್ಜಿ ಹಾಕಬೇಕೆಂದು ಎರಡು ವರ್ಷದಿಂದ ಕಾಯುತ್ತಿದ್ದಾಳೆ.

"ಮೇಡಂ, ತಪ್ಪು ನಿಮ್ಮದು, ಭೂಲ್ ನಿಮ್ಮದು. ಲೇಕಿನ್ ಸಜಾ ನನಗ್ಯಾಕೆ?"

ನಾನು ಕೈಯಲ್ಲಿದ್ದ ಹಾಜರಿ ಪುಸ್ತಕ ಮುಚ್ಚಿದೆ.

"ಮಾನ್ಯತೆ ಸಿಗಲಿಲ್ಲ ಅಂದ್ರೆ ಪಪ್ಪಾ ನನ್ನ ಶಾದಿ ಮಾಡ್ತಾರೆ. ಹುಡುಗ ರೆಡಿ ಇದಾನೆ. ಡೋಂಬಿವಲಿಯಲ್ಲಿ."

"ನಿನ್ನ ಹೆಸರು ಎಲ್ಲೂ ಬರೆಯೋದಿಲ್ಲ ವಸಂತಿ."

"ಹೆಸರು ಬರೆಯದೆ ಇದ್ರೆ ನಾನು ಬಚಾವ್ ಆಗ್ತೀನಾ? ಅದೇ ತಾನೆ ನೀವು ಭೂಲ್ ಅಂದಿದ್ದು?"

ಹೋದಳು. ಹುಡುಗಿ ಚೆನ್ನಾಗಿ ಕಲಿತಿದ್ದಾಳೆ.

೩ ನವೆಂಬರ್, ಭಾನುವಾರ

ಒಬ್ಬಳೇ ಹೋದೆ. ಇಪ್ಪತ್ತೇಳು ಮನೆ. ಕಾಲು ಮರಗಟ್ಟಿದೆ. ದಾನವ್ವನಿಗೆ ಎಲ್ಲ ಹೇಳಿಬಿಟ್ಟೆ: ಫಾರಂ ನನ್ನದು, ರಸ್ತೆ ಅದರಿಂದಲೇ ಬಂತು, ಮೂವತ್ತರೊಳಗೆ ತಕರಾರು ಕೊಡದಿದ್ದರೆ ಬೇವಿನ ಮರವೂ ಹೋಗುತ್ತದೆ.

ಅವಳು ಬೈಯುತ್ತಾಳೆಂದು ಕಾದೆ. ಬೈದಳು. ಓಣಿಗೆಲ್ಲ ಕೇಳುವಷ್ಟು ಬೈದಳು. "ಸಾಲಿ ಕಲಿಸಾಕಿ ಅಂತ, ಥೂ! ಮನಿಶಾರ ಕಣ್ಣಿಗೆ ಕಾಣ್ತಾರೋ, ನಂಬರ ಕಾಣ್ತೈತೋ?" ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, "ನಡೀರಿ, ಆ ಕಡೀ ಓಣ್ಯಾಗ ಮರಾಠಿ ಮಂದಿ ಅದಾರ. ನೀವೊಬ್ರs ಹೋದ್ರ ಯಾರೂ ಬಾಯಿ ಬಿಡೂದಿಲ್ಲ" ಎಂದು ಮುಂದೆ ನಡೆದಳು.

೯ ನವೆಂಬರ್, ಶನಿವಾರ

ಶಿವಪುತ್ರಪ್ಪನ ಕಾಗದ ಬಂತು. ಹತ್ತಿರ ಹತ್ತಿರ ನಾಲ್ಕು ವಾರ ತೆಗೆದುಕೊಂಡಿದ್ದಾನೆ. ಇಲ್ಲಿ ನಕಲು ಮಾಡಿಡುತ್ತೇನೆ, ಮರೆಯಬಾರದೆಂದು.

"ಮೇಡಂ, ತಮ್ಮ ಪತ್ರ ತಲುಪಿತು. ಎರಡು ಸಲ ಉತ್ತರ ಬರೆದು ಹರಿದೆ. ಅಂದು ಮೇ ತಿಂಗಳು, ಭಾರಿ ಬಿಸಿಲು. ಆ ಬಾಯಿ ನನಗೆ ತಂಬಿಗೆ ನೀರು ಕೊಟ್ಟಿದ್ದಳು. ಅವಳ ಮನೆಯ ನೆರಳಿನಲ್ಲಿ ಕೂತು ಕುಡಿದೆ. ಆಮೇಲೆ ಎದ್ದು ಆ ಮನೆಯನ್ನು ಬಿಳಿ ಬಿಟ್ಟೆ. ಫಾರಂನಲ್ಲಿ ಅವಳನ್ನು ಬರೆಯಲು ಜಾಗವಿರಲಿಲ್ಲ. ಇಷ್ಟು ವರ್ಷ ನಕಾಶೆಯ ಹೊಗಳಿಕೆ ಕೇಳಿದಾಗೆಲ್ಲ ಆ ನೀರಿನ ನೆನಪಾಗುತ್ತಿತ್ತು. ಹೆಸರು ಸಮೇತ ಪಟ್ಟಿ ಮತ್ತು ತಿದ್ದಿದ ನಕಾಶೆ ಮೂವತ್ತರೊಳಗೆ ಬಂದರೆ ನಾನೇ ದಾಖಲಿಸಿಕೊಳ್ಳುತ್ತೇನೆ. ಮೇಲಿನವರು ಏನು ಮಾಡುತ್ತಾರೋ ಹೇಳಲಾರೆ. ನನ್ನ ಹೆಸರನ್ನು ಸಮಿತಿಯ ಮುಂದೆ ಮರೆಮಾಚುವುದು ಬೇಡ."

ಮೂವತ್ತೊಂದು ಜನರಲ್ಲಿ ಇವನೊಬ್ಬನ ಪಾಠ ನಿಜವಾಗಿ ಪೂರ್ತಿಯಾಯಿತು. ಇದಕ್ಕೂ ಫಾರಂನಲ್ಲಿ ಜಾಗವಿಲ್ಲ.

೧೭ ನವೆಂಬರ್, ಭಾನುವಾರ

ನೂರಾ ಹದಿನೆಂಟು ಮನೆ. ಮುಗಿಯಿತು.

ಮಧ್ಯಾಹ್ನ ವಿಭಾಗದಲ್ಲಿ ಒಬ್ಬಳೇ ಹೊಸ ಹಾಳೆಗೆ ಬಣ್ಣ ತುಂಬುತ್ತಿದ್ದೆ. ಇಷ್ಟು ವರ್ಷ ಕಲಿಸುವವರ ಜೊತೆಗಿದ್ದೂ ನನ್ನ ಹಳದಿ ಗೆರೆ ದಾಟಿ ಹೋಗುತ್ತದೆ. ಹಿಂದಿನಿಂದ ದನಿ: "ಛೀ ಮೇಡಂ, ಇದೇನು ಅಕ್ಷರ? ಇರುವೆ ಓಡಾಡಿದ ಹಾಗೆ."

ವಸಂತಿ. ಮರೆತ ಟೀ-ಸ್ಕ್ವೇರ್ ಒಯ್ಯಲು ಬಂದಿದ್ದಳಂತೆ, ಭಾನುವಾರ, ಜೋಗೇಶ್ವರಿಯಿಂದ! ಕುಂಚ ಕಿತ್ತುಕೊಂಡಳು. "ನಾನು ನಿಮ್ಮ ಜೊತೆ ಇಲ್ಲ. ಗುಸ್ಸಾ ಹೋಗಿಲ್ಲ. ಆದ್ರೆ ಇಷ್ಟು ಗಂದಾ ಕೆಲಸ ನಮ್ಮ ಗೋಡೆ ಮೇಲೆ ಬರಬಾರದು."

ಆರು ಗಂಟೆಯವರೆಗೆ ಕೂತಳು. ಬೇವಿನ ಮರಕ್ಕೆ ಯಾವ ಹಸಿರು ಎಂದು ಕೇಳಿದಳು. ಹೇಳಿದೆ.

೨೧ ನವೆಂಬರ್, ಗುರುವಾರ

ನೀಲಕಂಠಪ್ಪನವರು ಕರೆದು, "ಹಳೀ ನಕಾಶಾ ಒಂದs ಇರಬೇಕು. ಇದು ಆಜ್ಞಾ ಅಂತ ತಿಳೀರಿ" ಎಂದರು.

ಈ ಸಲ ಸರಿ ಎನ್ನಲಿಲ್ಲ.

೨೨ ನವೆಂಬರ್, ಶುಕ್ರವಾರ

ಬೆಳಗ್ಗೆ ಏಳಕ್ಕೆ ಹೋಗಿ ಹಳೆಯದರ ಪಕ್ಕದಲ್ಲೇ ಹೊಸದನ್ನು ಹಚ್ಚಿದೆ. ಕೆಳಗೆ ಕೇಳಿದ್ದ ನಾಲ್ಕು ಸಾಲು ಬರೆದೆ: ಮೊದಲನೆಯ ನಕಾಶೆಗೆ ನಾವು ಮೊದಲ ದರ್ಜೆ ಕೊಟ್ಟೆವು. ಎರಡನೆಯದರಲ್ಲಿರುವ ನೂರಾ ಹದಿನೆಂಟು ಮನೆಗಳು ಅಂದೂ ಇದ್ದವು. ಅವು ನಕಾಶೆಯಿಂದ ಬಿಟ್ಟುಹೋಗುವಂತೆ ಮಾಡಿದ್ದು ನಮ್ಮ ಸಮೀಕ್ಷೆಯ ಫಾರಂ. ಅದನ್ನು ಮಾಡಿದವಳು ನಾನು. ಸಹಿ.

ಹತ್ತಕ್ಕೆ ಸಮಿತಿಯ ಮೂವರೂ ಬಂದರು. ನೀಲಕಂಠಪ್ಪನವರು ಗೋಡೆ ನೋಡಿ ಮಾತು ಅರ್ಧಕ್ಕೆ ನಿಲ್ಲಿಸಿದರು. ಮೂವರಲ್ಲಿ ಎತ್ತರದ ಒಬ್ಬರು ಬಹಳ ಹೊತ್ತು ಎರಡನ್ನೂ ನೋಡಿ, ಇಂಗ್ಲಿಷಿನಲ್ಲಿ ಕೇಳಿದರು, "ಮಾನ್ಯತೆ ಕೇಳುವವರು ತಮ್ಮ ತಪ್ಪನ್ನು ತೂಗುಹಾಕುವುದನ್ನು ನಾನು ಕಂಡಿಲ್ಲ, ಇದನ್ನು ಯಾವ ಪ್ರಶ್ನೆಗೆ ಉತ್ತರ ಎಂದು ತಿಳಿಯಬೇಕು?"

"ಹನ್ನೊಂದನೆಯ ಪ್ರಶ್ನೆಗೆ. ವಿದ್ಯಾರ್ಥಿಗಳ ಕೆಲಸದಿಂದ ಊರಿಗೆ ಆದ ಪರಿಣಾಮ ಏನೆಂದು ತಾವೇ ಕೇಳಿದ್ದೀರಿ. ನಾಲ್ಕು ವರ್ಷದಲ್ಲಿ ಆದ ಅತಿ ದೊಡ್ಡ ಪರಿಣಾಮ ಇದೇ."

"ಇದರಿಂದ ನಿಮ್ಮ ವಿದ್ಯಾರ್ಥಿಗಳಿಗೆ ತೊಂದರೆಯಾದರೆ?"

"ಆಗುತ್ತದೆ. ಅವರ ಹತ್ತಿರ ಬೈಸಿಕೊಂಡಿದ್ದೇನೆ. ಆ ಮನೆಗಳವರ ಹತ್ತಿರವೂ."

ಅವರು ಬರೆದುಕೊಂಡರು. ಏನು ಬರೆದರೋ ಕಾಣಲಿಲ್ಲ. ಎರಡನೆಯವರು ಮಾತ್ರ ಕುತೂಹಲಕ್ಕೆಂಬಂತೆ, ಅಕ್ಷರ ಯಾರದು, ಬಹಳ ಚೆನ್ನಾಗಿದೆ ಎಂದರು. ಹೆಸರು ಬರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಹಿಂದಿನ ಸಾಲಿನಿಂದ ವಸಂತಿ ಎದ್ದು "ನನ್ನದು ಸರ್" ಎಂದಳು.

೨೯ ನವೆಂಬರ್, ಶುಕ್ರವಾರ

ದಾನವ್ವ, ಅವಳ ಗಂಡ ಮತ್ತು ನಾನು ಪುಣೆಗೆ ಹೋಗಿ ಪಟ್ಟಿ, ನಕಾಶೆ, ನೂರಾ ಹದಿನೆಂಟು ಸಹಿ ಮತ್ತು ಹೆಬ್ಬೆಟ್ಟು ಕೊಟ್ಟು ಬಂದೆವು. ಶಿವಪುತ್ರಪ್ಪ ಕೌಂಟರಿನ ಆಚೆಯಿಂದ ಎದ್ದು ಬಂದು, ದಾನವ್ವನಿಗೆ ನೀರು ತಂದುಕೊಟ್ಟ. ಅವಳು ಕುಡಿದು, "ಚಸ್ಮಾ ಬದಲ ಮಾಡೀಯಲ್ಲೋ" ಎಂದಳು.

೧೬ ಡಿಸೆಂಬರ್, ಸೋಮವಾರ

ಎರಡು ಕಾಗದ ಒಂದೇ ದಿನ.

ಪುಣೆಯದು: ರಸ್ತೆಯ ಯೋಜನೆಯನ್ನು ತಡೆಹಿಡಿದಿದ್ದಾರೆ. ಜನವರಿಯಲ್ಲಿ ವಡಾಲದಲ್ಲೇ ವಿಚಾರಣೆ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯುತ್ತಾರೆ.

ದಿಲ್ಲಿಯದು: ಮಾನ್ಯತೆ ಒಂದು ವರ್ಷ ಮುಂದಕ್ಕೆ. ಸಮೀಕ್ಷೆಯ ಪಾಠವನ್ನು ಹೊಸ ಫಾರಂನಂತೆ ಬದಲಿಸಿದ ಮೇಲೆ ಮತ್ತೆ ಬಂದು ನೋಡುತ್ತಾರೆ. ಸರಿಯಾಗಿಯೇ ಕೇಳಿದ್ದಾರೆ.

ವಸಂತಿಗೆ ನಾನೇ ಹೇಳಿದೆ. ಜನವರಿ ಅರ್ಜಿ ಅವಳಿಗೆ ತಪ್ಪಿತು. "ಒಂದು ವರ್ಷ ಡೋಂಬಿವಲಿಯವನನ್ನು ತಡೀಬೇಕು ನಾನು. ಅದಕ್ಕೂ ಒಂದು ತಕರಾರು ಫಾರಂ ಮಾಡಿಕೊಡಿ" ಎಂದಳು. ನಗಲಿಲ್ಲ. ನಾನು ಭಾನುವಾರ ಜೋಗೇಶ್ವರಿಗೆ ಬಂದು ಅವಳ ಅಪ್ಪನ ಹತ್ತಿರ ಮಾತಾಡುತ್ತೇನೆಂದೆ. ಬನ್ನಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಹೋಗುತ್ತೇನೆ.

ನೀಲಕಂಠಪ್ಪನವರು ನನ್ನನ್ನು ನೋಡದೆ ದಾಟಿ ಹೋದರು. ಸಂಜೆ ಪದ್ಯದ ಪುಸ್ತಕ ಕೈಗೆ ಬಂತು. ಟಿಕೆಟ್ ಅಕ್ಟೋಬರ್ ಹನ್ನೆರಡರದು. ಅಷ್ಟು ದಿನವಾಯಿತೇ?

೧೯ ಡಿಸೆಂಬರ್, ಗುರುವಾರ

ಆಜ್ಞೆ ಮೀರಿದ್ದಕ್ಕೆ ನನ್ನ ವಿವರಣೆ ಕೇಳಿದ್ದಾರೆ, ನಿಗದಿತ ನಮೂನೆಯಲ್ಲಿ. ನಮೂನೆಯ ಮೊದಲನೆಯ ಕಾಲಂ: ನೌಕರರ ಸಂಖ್ಯೆ.

ಅದನ್ನು ಖಾಲಿ ಬಿಟ್ಟೆ. ಹೆಸರು: ಪಂಕಜಾ. ಎಂದಿನಿಂದ: ೧೯೫೧. ವಿವರಣೆ: ಆಜ್ಞೆ ನನಗೆ ತಿಳಿದಿತ್ತು. ಮೀರಿದೆ. ಇನ್ನೊಮ್ಮೆ ಅಂಥ ಆಜ್ಞೆ ಬಂದರೆ ಇನ್ನೊಮ್ಮೆ ಮೀರುತ್ತೇನೆ.

ಕಚೇರಿಯ ಗುಮಾಸ್ತ ಶಂಕ್ರೆಪ್ಪ ತಿರುಗಿಸಿ ಕೊಟ್ಟ. "ನಂಬರ ಬರದಿಲ್ರಿ ಬಾಯಿ. ನಂಬರ ಇಲ್ಲಂದ್ರ ತೊಗೊಳ್ಳಿಕ್ಕೆ ಬರೂದಿಲ್ಲ."

"ನಾನು ಇಲ್ಲೇ ನಿಂತಿದ್ದೀನಲ್ಲ ಶಂಕ್ರೆಪ್ಪ."

"ನಿಂತೀರಿ ಖರೆ. ಆದ್ರ ಯಾರ್ದಂತ ಬರ್ಕೊಳ್ಳಿ?"

"ಆರು ವರ್ಷದಿಂದ ದಿನಾ ನಮಸ್ಕಾರ ಮಾಡ್ತೀಯಲ್ಲ, ಅವಳದು."

ಅವನು ಬೇರೆ ಕೆಲಸ ಹಿಡಿದ. ನಾನು ಕೌಂಟರಿಗೆ ಕೈಯೂರಿ ನಿಂತೆ. ಚಹಾ ಬಂತು, ಹೋಯಿತು. ನೀಲಕಂಠಪ್ಪನವರು ಎರಡು ಸಲ ಆ ದಾರಿಯಲ್ಲಿ ಬಂದರು. ಎರಡನೆಯ ಸಲ ನಿಂತು, ಒಂದು ಕುರ್ಚಿ ಎಳೆದು ನನ್ನ ಪಕ್ಕಕ್ಕಿಟ್ಟು ಹೋದರು. ನಾನು ಕೂರಲಿಲ್ಲ.

ಐದಕ್ಕೆ ಹತ್ತು ನಿಮಿಷವಿರುವಾಗ ಶಂಕ್ರೆಪ್ಪ ಬಂದ ಕಾಗದಗಳನ್ನು ದಾಖಲಿಸುವ ಆವಕ ಪುಸ್ತಕ ತೆರೆದ. ಸಂಖ್ಯೆಯ ಜಾಗದಲ್ಲಿ ಗೆರೆ ಎಳೆದು, ಮುಂದೆ ನನ್ನ ಹೆಸರು ಬರೆದುಕೊಂಡ.